ಹೋರಿ ಮನೆಯ ಸೀಮೆ ಕರು

ನನ್ನಂಥ ದನದ ವ್ಯಾಪಾರಿಯ ಲೆಕ್ಕದಲ್ಲಿ ಹೋಳೂರಿನ ಚನ್ನರಾಯಪ್ಪ ಅಷ್ಟೇನೂ ಬೆಲೆ ಬಾಳುವ ಆಳಲ್ಲ: ಹಲ್ಲು ಅರ್ಧಕ್ಕರ್ಧ ಖಾಲಿ, ನಡಿಗೆ ಎಡಕ್ಕೆ ಎಳೆತ, ಮೂಗುದಾರ ಹಾಕಿದರೂ ಬಗ್ಗದ ಕುತ್ತಿಗೆ. ಮಾತು ಮಾತ್ರ ಸುಳಿಶುದ್ಧ, ಒಂದೂ ಸುಳ್ಳಿಲ್ಲ.

ಅವನ ಕೊಟ್ಟಿಗೆಯಲ್ಲೊಂದು ಹಳ್ಳಿಕಾರ್ ಬೀಜದ ಹೋರಿ. ಸುತ್ತಿನ ಹಸುಗಳೆಲ್ಲ ಬೆದೆಗೆ ಬಂದಾಗ ಅಲ್ಲಿಗೇ ಬರುತ್ತಿದ್ದವು. ಚನ್ನರಾಯಪ್ಪ ಹೋರಿಯ ಹೆಗಲು ತಟ್ಟಿ ಹೇಳುತ್ತಿದ್ದ: "ಈ ಡುಬ್ಬ ದೇವ್ರು ಒಂದಿನ ಕೂತು ಅಂಟಿಸಿದ್ದಲ್ಲ ಕಣೋ. ಬಿಸಿಲಿಗೆ ತಡ್ಕೊಂಡಿದ್ದು ಉಳೀತು, ತಡೀದಿದ್ದು ಹೋಯ್ತು. ಉಳಿದಿದ್ದಕ್ಕೆ ಕರು ಆಯ್ತು. ಹಂಗೇ ಎಷ್ಟೋ ತಲೆಮಾರು ಆದ್ಮೇಲೆ ಇದು ಬಂತು. ಕಳ್ಕೊಳ್ಳೋಕೆ ಒಂದು ಸೂಜಿ ಸಾಕು."

ಎಂಬತ್ತರ ಇಸವಿಯ ಹೊತ್ತಿಗೆ ಆ ಸೂಜಿ ಬಂತು, ಹಿಂದೆಯೇ ಹಾಲಿನ ಡೈರಿಯೂ ಬಂತು. ಜನ ಹೆಚ್ಚು ಹಾಲಿಗೆಂದು ಹಸುಗಳಿಗೆ ಸೂಜಿಯಲ್ಲಿ ಸೀಮೆ ಹೋರಿಯ ಬೀಜ ಹಾಕಿಸಿದರು. ಚನ್ನರಾಯಪ್ಪನ ಹೋರಿ ಗೂಟದಲ್ಲೇ ನಿಂತಿತು. ತಳಿ ಮುಂದುವರಿಯಬೇಕೆಂದರೆ ಉಳಿದದ್ದು ಅವನದೇ ಗೌರಿ ಹಸು ಒಂದೇ.

ಗೌರಿ ಬೆದೆಗೆ ಬಂದಾಗ ಅವನು ಶ್ರೀನಿವಾಸಪುರದಲ್ಲಿ ಮಾವಿನ ತೋಪು ಕಾಯುತ್ತಿದ್ದ. ತಿರುಗಿ ಬಂದಾಗ ಹೆಂಡತಿ ಬೈರಮ್ಮ, "ನಮ್ ಹೋರಿಗೇ ಬಿಟ್ಟೆ," ಎಂದಳು. ಅಷ್ಟು ಸಾಕಾಯಿತು. ಅಂದಿನಿಂದ ಗೌರಿಗೆ ಹುರುಳಿ ಬೇಯಿಸಿದ್ದು ಅವನೇ, ಮೈ ತಿಕ್ಕಿದ್ದು ಅವನೇ. ದೃಷ್ಟಿಯಾದೀತೆಂದು ನನ್ನಂಥ ವ್ಯಾಪಾರಿಗಳನ್ನು ಕೊಟ್ಟಿಗೆ ಬಾಗಿಲಲ್ಲೇ ತಡೆಯುತ್ತಿದ್ದ.

ಮಾಘದಲ್ಲಿ ಗೌರಿ ಕರು ಹಾಕಿತು. ಮಸಿಕುಡಿಕೆ ಉರುಳಿಸಿದಂತೆ ಕಪ್ಪು ಬಿಳಿ ಮಚ್ಚೆ. ಚನ್ನರಾಯಪ್ಪ ಅದರ ಬೆನ್ನ ಮೇಲೆ ಕೈಯಾಡಿಸಿದ, ಹಲಗೆಯಂತೆ ಸಪಾಟು.

"ಲೇ ಬೈರೀ, ನಮ್ ಹೋರಿ ಈ ಬಣ್ಣ ಯಾವ ಅಂಗಡೀಲಿ ತಂತೇ?"

"ಡಾಕ್ಟ್ರ ಹತ್ರ ಸೂಜಿ ಹಾಕ್ಸಿದೆ. ಏನೀಗ? ಡೈರಿ ಹತ್ರ ಎಲ್ರೂ ಕ್ಯಾನ್ ಹಿಡ್ಕೊಂಡ್ ನಿಂತ್ರೆ ನಾನು ಚೊಂಬು ಹಿಡ್ಕೊಂಡ್ ನಿಲ್ತೀನಿ. ನಗ್ತಾರೆ. ನಿನ್ ಹೋರಿ ಡುಬ್ಬ ಹಿಂಡಿದ್ರೆ ಹಾಲು ಬರ್ತದಾ?"

"ಹೇಳಿದ್ರೆ ಬೈತಿದ್ದೆ. ಬೈದು ಸುಮ್ನಾಗ್ತಿದ್ದೆ. ನಾನು ಹುರುಳಿ ಬೇಯಿಸ್ವಾಗ ಒಲೆಗೆ ಸೌದೆ ತಳ್ತಿದ್ದೋಳು ನೀನೇ ಅಲ್ವೇನೇ? ಆವಾಗ್ಲಾದ್ರೂ ಹೇಳ್ಬಾರ್ದಿತ್ತಾ?"

ಕರು ಕಾಲೂರಲಾಗದೆ ಅವನ ಮೊಣಕಾಲಿಗೆ ಒರಗಿತು. ಅದರ ತಪ್ಪೇನು? ಹಿಡಿದು ಕೆಚ್ಚಲಿಗೆ ಹಚ್ಚಿದ. ಆಮೇಲೆಯೂ ಬೈರಮ್ಮ ಬಡಿಸಿದ ಮುದ್ದೆ ಉಂಡ. ಅವಳ ಮಾತು ನಂಬುವುದನ್ನು ಮಾತ್ರ ಬಿಟ್ಟ.

ಆ ವಾರವೇ ಹೋರಿಯ ಹಗ್ಗ ತಂದು ನನ್ನ ಕೈಗಿಟ್ಟ. "ದುಡ್ಡು ಬೇಡ. ಹಳ್ಳಿಕಾರ್ ಹಸು ಇರೋ ಮನೆಗೆ ಸೇರಿಸು. ಇದರದ್ದೊಂದು ಹೆಣ್ಗರು ತಂದ್ಕೊಡು. ನೀನಾದ್ರೂ ಸುಳ್ಳು ಹೇಳ್ಬೇಡ ಕಣೋ."

ದನದ ವ್ಯಾಪಾರಿಗೆ ಹೇಳುವ ಮಾತೇ ಅದು! ಹೋರಿಯನ್ನು ಲಕ್ಕೂರಿನ ಕಡೆ ಒಂದು ಮನೆಗೆ ಸೇರಿಸಿದ್ದೇನೆ. ಅದಕ್ಕೆ ಹುಟ್ಟುವ ಮೊದಲ ಹೆಣ್ಣುಗರುವನ್ನು ನಾನು ಚನ್ನರಾಯಪ್ಪನಿಗೆ ಕೊಡಬೇಕು.