ನಿಂತಾಗ ಮಾತ್ರ ಹತ್ತುವ ದೀಪ

ಅಕ್ಕನ ಕಾರಿನಲ್ಲಿ ಆ ಹಳದಿ ದೀಪ ಆರನೇ ಸಲ ಹತ್ತಿದ ದಿನ, ಗ್ಯಾರೇಜಿನ ಬಾಗಿಲು ಎಳೆದು ಎಲ್ಲಾದರೂ ಹೋಗಿಬಿಡಬೇಕು ಅನ್ನಿಸಿತ್ತು ನನಗೆ. ಮೂವತ್ತು ವರ್ಷದಿಂದ ಮೆಕ್ಯಾನಿಕ್ ಕೆಲಸ ಮಾಡಿಕೊಂಡು ಬಂದವನು. ಊರವರ ಕಾರುಗಳೆಲ್ಲ ನನ್ನ ಕೈಯಲ್ಲಿ ಸರಿಹೋಗುತ್ತವೆ, ಒಡಹುಟ್ಟಿದವಳ ಕಾರು ಮಾತ್ರ ಜಪ್ಪಯ್ಯ ಅಂದರೂ ಮಾತು ಕೇಳುತ್ತಿರಲಿಲ್ಲ.

ಕಾರು ಭಾವನದು, ಹದಿನೆಂಟು ವರ್ಷ ಹಳೆಯದು. ಮೊದಲೆಲ್ಲ ಅದರ ಸ್ಟೇರಿಂಗನ್ನು ಬೇರೆಯವರಿಗೆ ಮುಟ್ಟಲೂ ಬಿಡುತ್ತಿರಲಿಲ್ಲ ಅವರು. ಎರಡೂ ಕಿಡ್ನಿ ಕೈಕೊಟ್ಟು ವಾರಕ್ಕೆ ಮೂರು ದಿನ ಡಯಾಲಿಸಿಸ್ ಶುರುವಾದ ಮೇಲೆ, ಅಕ್ಕ ಐವತ್ತೆರಡನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತಳು. ಕಲಿಸಿದವನು ನಾನೇ. ಮನೆಯಲ್ಲಿ ಕೂತು ಜನರ ಕಿಟಕಿ ಪರದೆ, ಸೋಫಾ ಕವರು ಹೊಲಿಯುವವಳು ಅವಳು. ಹೊಲಿಗೆ ಮೆಷಿನ್ನಿನ ಪೆಡಲು ತುಳಿದ ಹಾಗೇ ಕ್ಲಚ್ಚನ್ನೂ ತುಳಿಯುತ್ತಿದ್ದಳು. ಆ ದಿನಗಳನ್ನು ನೆನೆದರೆ ಈಗಲೂ ಕಾರಿನ ಮೇಲೆ ಕನಿಕರ ಬರುತ್ತದೆ. ಆದರೂ ಎರಡೇ ತಿಂಗಳಲ್ಲಿ ಲೈಸೆನ್ಸ್ ತಂದಳು. ಸುಸ್ತಾಯಿತೇ ಎಂದು ಯಾರು ಕೇಳಿದರೂ, "ನಂಗೇನ್ ಧಾಡಿ" ಅನ್ನುವುದು ಅವಳ ಖಾಯಂ ಉತ್ತರ. ಡಯಾಲಿಸಿಸ್ ನಡೆಯುವ ನಾಲ್ಕು ಗಂಟೆಯೂ ವಾರ್ಡಿನ ಬಾಗಿಲು ಬಿಟ್ಟು ಅಲ್ಲಾಡುವುದಿಲ್ಲ ಎಂದು ನೆಂಟರಿಷ್ಟರೆಲ್ಲ ಅವಳನ್ನು ಹೊಗಳಿ ಅಟ್ಟಕ್ಕೇರಿಸಿದ್ದರು. ನಾನೂ ಹೊಗಳಿದವನೇ.

ದೀಪದ ಮೇಲಿರುವುದು ಇಂಜಿನ್ನಿನ ಚಿತ್ರ. ಅಕ್ಕನ ಕಣ್ಣಿಗೆ ಅದು ಆಮೆ. ಆಮೆ ಬಂದಿದೆ ಎಂದು ಫೋನ್ ಮಾಡುವಳು. ಅವಳಿಗಿದ್ದ ಹೆದರಿಕೆ ಒಂದೇ: ದಾರಿ ಮಧ್ಯೆ ಕಾರು ನಿಂತುಬಿಟ್ಟರೆ ಏನು ಗತಿ? ಒಂದು ಸಲ ಡಯಾಲಿಸಿಸ್ ತಪ್ಪಿದರೂ ಭಾವನ ಕಾಲು ಊದಿಕೊಳ್ಳುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ. ಒಮ್ಮೆ ಹಾಗಾಗಿ ಎಲ್ಲರ ಜೀವವೂ ಬಾಯಿಗೆ ಬಂದಿತ್ತು.

ಸ್ಕ್ಯಾನರ್ ಹಾಕಿದರೆ ಪ್ರತಿ ಸಲವೂ ಅದೇ ದೋಷದ ಕೋಡ್. ಇಂಜಿನ್ನಿಗೆ ಗಾಳಿ ಹೆಚ್ಚಾಗುತ್ತಿದೆ, ಪೆಟ್ರೋಲ್ ಸಾಲುತ್ತಿಲ್ಲ. ಏರ್ ಫಿಲ್ಟರ್ ಬದಲಿಸಿದೆ, ಪ್ಲಗ್ ಬದಲಿಸಿದೆ, ಆಕ್ಸಿಜನ್ ಸೆನ್ಸರ್ ಹೊಸದು ಹಾಕಿದೆ, ಇಂಜೆಕ್ಟರ್ ಬಿಚ್ಚಿ ತೊಳೆದೆ. ಯಾವಾಗ ಹತ್ತುತ್ತದೆ ಎಂದು ಕೇಳಿದರೆ ಅಕ್ಕ, ದಾರಿಯಲ್ಲಿ, ಓಡಿಸುವಾಗ, ಅನ್ನುತ್ತಿದ್ದಳು. ಅದನ್ನೇ ನಂಬಿ ಹೆದ್ದಾರಿಯಲ್ಲಿ ಹೋಗಿ ಬಂದೆ, ಏರು ಹತ್ತಿಸಿದೆ, ಇಳಿಸಿದೆ. ಆಮೆಯ ಸುಳಿವಿಲ್ಲ. ಅವಳ ಕೈಗೆ ಕೀಲಿ ಕೊಟ್ಟು ವಾರ ಕಳೆಯುವುದರೊಳಗೆ ಮತ್ತೆ ಫೋನ್ ಬರುತ್ತಿತ್ತು.

ತಪ್ಪು ನನ್ನದೂ ಇತ್ತು. ಅವಳು ಮುಖ ಸಣ್ಣದು ಮಾಡಿಕೊಂಡು ಕಾರಿನಿಂದ ಇಳಿದ ಕೂಡಲೇ ಕೋಡ್ ನೋಡಿ ತಟ್ಟನೆ ಅಳಿಸಿಬಿಡುತ್ತಿದ್ದೆ. ದೀಪ ಆರಿದರೆ ಅವಳಿಗೆ ಹೋದ ಜೀವ ಬರುತ್ತಿತ್ತು, ಅದಕ್ಕೋಸ್ಕರ. ಆರನೇ ಸಲ ಮಾತ್ರ ಅಳಿಸಲು ಕೈ ಬರಲಿಲ್ಲ. ಮಾನ ಮರ್ಯಾದೆ ಬದಿಗಿಟ್ಟು ಹಳೆಯ ಜೊತೆಗಾರನೊಬ್ಬನಿಗೆ ಫೋನ್ ಮಾಡಿದೆ. ಅವನೀಗ ದೊಡ್ಡ ಶೋರೂಮಿನಲ್ಲಿದ್ದಾನೆ. ದೀಪ ಹತ್ತಿದ ಕ್ಷಣದಲ್ಲಿ ಕಾರು ಏನು ಮಾಡುತ್ತಿತ್ತು ಎಂಬುದನ್ನು ಅದರ ಕಂಪ್ಯೂಟರ್ ಬರೆದಿಟ್ಟುಕೊಂಡಿರುತ್ತದೆ, ಕೋಡ್ ಅಳಿಸಿದರೆ ಅದೂ ಅಳಿಸಿಹೋಗುತ್ತದೆ, ಮೊದಲು ಓದಲು ನಿನಗೇನು ರೋಗ ಎಂದು ಚೆನ್ನಾಗಿ ಉಗಿದ. ಐದು ಸಲ ನಾನೇ ಕೈಯಾರೆ ಸಾಕ್ಷಿ ಒರೆಸಿ ಹಾಕಿದ್ದೆ. ಕಲಿತ ವಿದ್ಯೆಯ ಮೇಲೇ ಬೇಜಾರಾಯಿತು.

ಓದಿದೆ. ಇಂಜಿನ್ ಚಾಲೂ ಆಗಿ ಒಂದು ಗಂಟೆ ಮೂವತ್ತೇಳು ನಿಮಿಷ. ವೇಗ ಸೊನ್ನೆ. ಆಸ್ಪತ್ರೆ ಅವರ ಮನೆಯಿಂದ ಇಪ್ಪತ್ತೇ ನಿಮಿಷದ ದಾರಿ.

ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿ, ಎಸಿ ಹಾಕಿ, ಇಂಜಿನ್ ಓಡಲು ಬಿಟ್ಟು ಸ್ಟೂಲ್ ಎಳೆದುಕೊಂಡು ಕೂತೆ. ಗಂಟೆ ದಾಟಿದ ಮೇಲೆ ಸಣ್ಣಗೆ ಬುಸ್ ಎನ್ನುವ ಸದ್ದು ಕೇಳಿಸಿತು. ಇಂಜಿನ್ನಿನ ಹಿಂಬದಿಗೆ ಹೆಬ್ಬೆರಳು ಗಾತ್ರದ ಒಂದು ರಬ್ಬರ್ ಪೈಪು. ಕೆಳಮೈಯಲ್ಲಿ ಕೂದಲೆಳೆಯಷ್ಟು ಸೀಳು. ಚೆನ್ನಾಗಿ ಕಾದಾಗ ಅದು ಬಾಯಿ ಬಿಟ್ಟು ಗಾಳಿ ಎಳೆಯುತ್ತಿತ್ತು. ಕಾರು ಓಡುವಾಗ ಆ ಚೂರು ಗಾಳಿ ಲೆಕ್ಕಕ್ಕೇ ಬರುವುದಿಲ್ಲ. ನಿಂತಲ್ಲೇ ಗಂಟೆಗಟ್ಟಲೆ ಇಂಜಿನ್ ಓಡಿದರೆ ಮಾತ್ರ ಕಂಪ್ಯೂಟರಿಗೆ ಗೊತ್ತಾಗುತ್ತದೆ.

ಸಂಜೆ ಅಕ್ಕ ಕಾರು ತೆಗೆದುಕೊಳ್ಳಲು ಬಂದಾಗ ಪೈಪು ತೋರಿಸಿ ಎಲ್ಲವನ್ನೂ ವಿವರಿಸಿದೆ. ಆಮೇಲೆ, ಇಂಜಿನ್ ಆನ್ ಮಾಡಿಕೊಂಡು ಅಷ್ಟು ಹೊತ್ತು ಎಲ್ಲಿ ಕೂತಿರುತ್ತೀಯ ಎಂದು ಕೇಳಿದೆ.

"ಕೂತಿರಲ್ಲ," ಅಂದಳು. "ಮಲಗಿರ್ತೀನಿ."

ಆಸ್ಪತ್ರೆಯ ಪಾರ್ಕಿಂಗಿನಲ್ಲಿ, ಸೀಟು ಹಿಂದಕ್ಕೆ ಒರಗಿಸಿಕೊಂಡು, ಆರು ತಿಂಗಳಿಂದ. ಮೊದಲ ದಿನ ಫೈಲ್ ತರಲೆಂದು ಕಾರಿಗೆ ಹೋದವಳಿಗೆ ಹಾಗೇ ಕಣ್ಣು ಹತ್ತಿತ್ತಂತೆ. ಆಮೇಲೆ ಅದೇ ರೂಢಿಯಾಯಿತು. ಬಿಸಿಲಿಗೆ ಎಸಿ ಇಲ್ಲದೆ ಆಗುತ್ತಿರಲಿಲ್ಲ.

"ಮನೇಲಿ ಮಲಗಿದ್ರೆ ಅವರ ಉಸಿರನ್ನೇ ಕೇಳ್ತಾ ಇರ್ತೀನಿ ಕಣೋ. ಒಂಚೂರು ನಿಂತ ಹಾಗಾದ್ರೆ ಎದ್ದು ಕೂರ್ತೀನಿ. ಆಸ್ಪತ್ರೇಲಾದ್ರೆ ನೋಡ್ಕೊಳ್ಳೋಕೆ ಜನ ಇದಾರೆ. ಎಲ್ರೂ ಹೊಗಳ್ತಾರೆ, ನಾನು ನಾಚಿಕೆ ಬಿಟ್ಟು ಕೇಳಿಸ್ಕೋತೀನಿ. ನಿಮ್ ಭಾವಂಗೆ ಮಾತ್ರ ಹೇಳ್ಬೇಡ. ಬಾಗಿಲಲ್ಲೇ ಇದೀನಿ ಅಂತ ಅವರಿಗೆ ಧೈರ್ಯ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಹೊಗಳುವುದಕ್ಕೆ ಎಲ್ಲರೂ ಇದ್ದೆವು, ಒಂದು ದಿನ ಅವಳ ಬದಲಿಗೆ ಕೂರುತ್ತೇನೆ ಅಂದವರು ಯಾರೂ ಇರಲಿಲ್ಲ. ನಾನೂ ಅಂದಿರಲಿಲ್ಲ. ಹೊಸ ಪೈಪು ಹಾಕಿದೆ. ಅವಳು ಕೇಳದಿದ್ದರೂ ಕಾರಿನಡಿ ತೂರಿ ಸೈಲೆನ್ಸರ್ ಎಲ್ಲಾದರೂ ತೂತಾಗಿ ವಿಷದ ಹೊಗೆ ಒಳಗೆ ಸೋರುತ್ತಿದೆಯೇ ಎಂದು ಕೊನೆತನಕ ನೋಡಿದೆ. ಗೋಡೆ ಪಕ್ಕ ನಿಲ್ಲಿಸಬೇಡ, ಬಯಲಲ್ಲಿ ನಿಲ್ಲಿಸು, ಗಾಜು ಎರಡು ಬೆರಳಾದರೂ ಇಳಿಸಿರು ಎಂದೆ. ಅಕ್ಕ ಒಂದಕ್ಕೂ ಎದುರಾಡದೆ ತಲೆಯಾಡಿಸಿದಳು. ಅಷ್ಟು ದಣಿದಿದ್ದಳು.

ಮುಂದಿನ ಸರದಿಗೆ ಗ್ಯಾರೇಜ್ ಮುಚ್ಚಿ ನಾನೂ ಆಸ್ಪತ್ರೆಗೆ ಹೋದೆ. ಅವಳನ್ನು ಕಾರಿಗೆ ಕಳಿಸಿದೆ. ಒಂದು ಗಂಟೆ ಕಳೆದ ಮೇಲೆ ನರ್ಸ್, ಹತ್ತು ನಿಮಿಷ ಮಾತ್ರ ಎಂದು ನನ್ನನ್ನು ಒಳಗೆ ಬಿಟ್ಟಳು. ಭಾವ ಮೊದಲ ಮಹಡಿಯ ಕಿಟಕಿ ಪಕ್ಕದ ಮಂಚದಲ್ಲಿದ್ದರು, ಕೈಯಿಂದ ಎರಡು ಕೆಂಪು ಕೊಳವೆಗಳು ಯಂತ್ರಕ್ಕೆ ಹೋಗಿದ್ದವು. ಆ ದೀಪ ಹೋಯಿತೇ ಎಂದು ಕೇಳಿದರು. ಹೋಯಿತು ಎಂದೆ.

"ಇನ್ನು ನಿಂತ ಜಾಗದಲ್ಲೇ ನಾಲ್ಕು ಗಂಟೆ ಇಂಜಿನ್ ಆನ್ ಇದ್ರೂ ಏನೂ ಆಗಲ್ಲ ತಾನೆ?"

ಕಿಟಕಿಯಿಂದ ಬಗ್ಗಿ ನೋಡಿದೆ. ಕೆಳಗೆ, ಎದುರಿನ ಬಯಲಿನಲ್ಲಿ, ನಮ್ಮದೇ ಕಾರು. ಮುಂದಿನ ಗಾಜಿನೊಳಗೆ ಅಕ್ಕ ಬಾಯಿ ತೆರೆದುಕೊಂಡು ಸತ್ತ ಹಾಗೆ ನಿದ್ದೆ ಮಾಡುತ್ತಿದ್ದಳು.

"ಈ ಮಂಚಾನೇ ಬೇಕು ಅಂತ ನರ್ಸ್ ಹತ್ರ ಜಗಳ ಆಡಿ ತಗೊಂಡಿದೀನಿ," ಅಂದರು ಭಾವ. "ನಂಗೆ ಗೊತ್ತಿದೆ ಅಂತ ಅವಳಿಗೆ ಹೇಳ್ಬೇಡಪ್ಪ. ಗೊತ್ತಾದ್ರೆ ಮೇಲೆ ಬಂದು ಕೂತ್ಬಿಡ್ತಾಳೆ. ಅವಳು ಮಲಗಿದ್ದು ಕಂಡ್ರೇನೇ ನಂಗೂ ಕಣ್ಣು ಮುಚ್ಚೋಕಾಗೋದು."

ಅವರಿಗೂ ಮಾತು ಕೊಟ್ಟೆ. ಆಗಲೇ ಅವರ ರೆಪ್ಪೆ ಕೂಡುತ್ತಿತ್ತು. ಹತ್ತು ನಿಮಿಷ ಮುಗಿಯಿತೆಂದು ನರ್ಸ್ ಕೈಸನ್ನೆ ಮಾಡಿದಳು.