ಅಕ್ಕನ ಪರವಾಗಿ ನಾನು ಆಡಿದ ಮಾತು

ಆಗ ಚಾಮರಾಜನಗರದ ಖಾಸಗಿ ಶಾಲೆಯೊಂದಕ್ಕೆ ಇಂಗ್ಲಿಷ್ ಟೀಚರಾಗಿ ಸೇರಿ ನನಗೆ ವರ್ಷವೂ ಆಗಿರಲಿಲ್ಲ. ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ನಾನೊಬ್ಬಳೇ. ಆ ಜಂಬದಲ್ಲಿ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ‘ಸೆಪರೇಟ್’ ಎಂಬ ಕ್ರಿಯಾಪದ ಹೇಳಿಕೊಡುವಾಗ ಅಕ್ಕಿಯಿಂದ ಕಲ್ಲು ಬೇರೆ ಮಾಡುವುದು, ಹೊಡೆದಾಡುವ ಇಬ್ಬರನ್ನು ಬಿಡಿಸುವುದು ಎಂದೆಲ್ಲ ಉದಾಹರಣೆ ಕೊಡುತ್ತಿದ್ದೆ. ಗಂಡ ಹೆಂಡತಿಯ ವಿಷಯಕ್ಕೆ ಬಳಸಿದರೆ ಬೇರೆ ಬೇರೆ ಇದ್ದಾರೆ ಎಂದಷ್ಟೇ ಅರ್ಥ, ಮದುವೆ ಮುರಿದಿದೆ ಎಂದಲ್ಲ, ಎಂದೂ ಹೇಳುತ್ತಿದ್ದೆ. ಹೇಳಿಕೊಡುವುದಕ್ಕೇನು, ಬಾಯಿದ್ದರೆ ಸಾಕು.

ಅದೇ ವರ್ಷ ಅಕ್ಕ ಗುಂಡ್ಲುಪೇಟೆಯ ಗಂಡನ ಮನೆಯಿಂದ ಹರದನಹಳ್ಳಿಗೆ, ನಮ್ಮ ಮನೆಗೆ ಬಂದಳು. ಅತ್ತೆ ನೆಂಟರ ಮುಂದೆ ಅವಳನ್ನು ಏನೋ ಅಂದಾಗ ಭಾವ ಸುಮ್ಮನೆ ನಿಂತಿದ್ದನಂತೆ, ಅದಕ್ಕೇ ಮುನಿಸು. ಎರಡು ತಿಂಗಳಾಯಿತು. ನಲ್ಲಿಯ ಹತ್ತಿರ ಒಬ್ಬಳು “ಗಂಡ ಬುಟ್ಬುಟ್ಟವ್ನಂತೆ” ಎಂದದ್ದು ಕೇಳಿ ನನಗೆ ಮೈಯೆಲ್ಲ ಉರಿಯಿತು. “ಯಾರೂ ಬುಟ್ಟಿಲ್ಲ, ಸೆಪರೇಟ್ ಆಗವ್ರೆ” ಎಂದೆ. ಇಂಗ್ಲಿಷಿಗೆ ಹೆದರಿಯೋ ಏನೋ, ಅವಳು ಕೊಡ ಎತ್ತಿಕೊಂಡು ಹೋದಳು. ಅವತ್ತಿನಿಂದ ಕೇಳಿದವರಿಗೆಲ್ಲ ನನ್ನದು ಅದೇ ಉತ್ತರ.

ಮುನಿಸಿಕೊಂಡು ತವರಿಗೆ ಬಂದ ಹೆಣ್ಣು ನಮ್ಮಲ್ಲಿ ತಾನಾಗಿ ವಾಪಸ್ ಹೋಗುವಂತಿಲ್ಲ. ಗಂಡನ ಕಡೆಯ ಹಿರಿಯರು ಹೂವು ಹಣ್ಣು ತಂದು ಕರೆಯಬೇಕು. ಕರೆದ ತಕ್ಷಣ ಒಪ್ಪಿದರೆ ಹೆಣ್ಣಿನ ಮಾನಕ್ಕೆ ಕಮ್ಮಿ. ಮೊದಲು ‘ಕಳಿಸಲ್ಲ’ ಅನ್ನಬೇಕು, ಅವರು ನೀರು ಕುಡಿದು ಇನ್ನೊಮ್ಮೆ ಕೇಳಬೇಕು, ಒಂದಿಷ್ಟು ಕೂಗಾಡಿ, ಊಟ ಮಾಡಿ, ಆಮೇಲೆ ಕಳಿಸಿಕೊಡುವುದು.

ಒಂದು ಭಾನುವಾರ ಬೆಳಿಗ್ಗೆ ಭಾವನ ಸೋದರಮಾವ ಮಲ್ಲಿಗೆ, ಬಾಳೆಹಣ್ಣು ಹಿಡಿದು ಬಂದರು. ಭಾವನೂ ಬಂದಿದ್ದನಂತೆ, ಮನೆಗೆ ಬರಲು ನಾಚಿಕೊಂಡು ಬಸ್ ನಿಲ್ಲುವಲ್ಲೇ ನಿಂತಿದ್ದನಂತೆ. ಹೊಲದಲ್ಲಿದ್ದ ಅಪ್ಪನನ್ನು ಕರೆಯಲು ಅವ್ವ ಓಡಿದಳು. ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಜಗುಲಿಯಲ್ಲಿ ಉಳಿದದ್ದು ನಾನು ಮತ್ತು ಆ ಹಿರಿಯರು.

“ನಮ್ಮ ಹುಡ್ಗೀನ ಕಳ್ಸ್ಕೊಡಿ ಕಣವ್ವಾ” ಎಂದರು.

ಎರಡು ತಿಂಗಳ ಸಿಟ್ಟು ನೆತ್ತಿಗೇರಿತು. “ಅವರಿಬ್ರೂ ಸೆಪರೇಟ್ ಆಗವ್ರೆ. ಇನ್ಮೇಲೆ ಈ ಬಾಗ್ಲಿಗೆ ಬರಬ್ಯಾಡಿ.”

“ಅಂಗಂದ್ರೆ, ಮದ್ವೆ ಮುರ್ದಂಗಾ? ಅವಳೂ ಒಪ್ಪವ್ಳಾ?”

“ಊಂ, ಒಪ್ಪವ್ಳೆ” ಎಂದೆ. ಅಕ್ಕ ಎಂದೂ ಹಾಗೆ ಅಂದಿರಲಿಲ್ಲ. ಆದರೂ ಅಂದೆ.

ಅವರು ಎದುರಿಗಿದ್ದ ನೀರಿನ ಚೊಂಬು ಮುಟ್ಟಲಿಲ್ಲ. ಹೂವು ಹಣ್ಣು ಅಲ್ಲೇ ಇಟ್ಟು ಎದ್ದು ಹೋದರು. ಅಪ್ಪ ಬಂದಾಗ “ನೀರೂ ಕುಡೀದೆ ಓದ್ರು” ಎಂದಷ್ಟೇ ಹೇಳಿದೆ. ಹೋಗಲಿ, ಇನ್ನೊಂದು ಸಲ ಬರುತ್ತಾರೆ ಎಂದರು ಅಪ್ಪ. ಮನೆಯವರೆಲ್ಲ ಕಾದರು, ನಿಜ ಗೊತ್ತಿದ್ದ ನಾನೂ ಕಾದೆ. ಯಾರೂ ಬರಲಿಲ್ಲ. ಮುಂದಿನ ವರ್ಷ ಭಾವನಿಗೆ ಬೇರೆ ಹೆಣ್ಣು ತಂದರೆಂದು ಸುದ್ದಿ ಬಂತು.

ಆಗ ಅಕ್ಕನ ಮುಂದೆ ಕೂತು ಎಲ್ಲ ಹೇಳಿಬಿಟ್ಟೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಬೈಯಲಿ, ಕೆನ್ನೆಗೆ ಬಾರಿಸಲಿ ಎಂದು ಅಳುತ್ತಾ ಕಾದೆ. ಅವಳು ಕೈಯಲ್ಲಿದ್ದ ಕಾಯಿ ಬಿಡಿಸಿ ಕಾಳು ಮೊರಕ್ಕೆ ಹಾಕಿದಳು.

“ಅವತ್ತು ನಾನು ಒಳಗೆ ಒಳ್ಳೆ ಸೀರೆ ಉಡ್ತಿದ್ದೆ ಕಣಮ್ಮಿ” ಎಂದಳು. “ನೆರಿಗೆ ಹಿಡ್ಕಂಡು ಈಚೆಗೆ ಬರೋ ಹೊತ್ಗೆ ಅವ್ರು ಒಂಟೋಗಿದ್ರು.”