ಗೋಣಿತಟ್ಟಿನ ಮೇಲೆ ಹದಿನೇಳು ಹೆಂಗಸರು

ಮದುವೆಯಾಗಿ ಕುಂದಗೋಳದ ಹತ್ತಿರದ ಆ ಊರಿಗೆ ಬಂದಾಗ ನನಗೆ ಇಪ್ಪತ್ತು ವರ್ಷ. ಎಂಬತ್ತರ ದಶಕ ಅರ್ಧ ಕಳೆದಿತ್ತು. ನಮ್ಮ ಓಣಿಗೆ ಎಸ್ಸೆಸ್ಸೆಲ್ಸಿ ಪಾಸಾಗಿ ಬಂದ ಮೊದಲ ಸೊಸೆ ನಾನು. ಮೊದಲ ವಾರದಲ್ಲೇ ಅಕ್ಕಪಕ್ಕದವರು ಕಾಗದ ಓದಿಸಲು, ಅರ್ಜಿ ಬರೆಸಲು ಬರತೊಡಗಿದರು. ಸೆರಗು ಹೊದ್ದು ಕಟ್ಟೆಯ ಮೇಲೆ ಕುಳಿತು ಓದಿ ಹೇಳುತ್ತಿದ್ದೆ, ಬರೆದು ಕೊಡುತ್ತಿದ್ದೆ. ಒಳಗೊಳಗೇ ಸಾಕಷ್ಟು ಬೀಗುತ್ತಿದ್ದೆ.

ಮಾವ ಕುಂದಗೋಳದ ದಲಾಲಿ ಅಂಗಡಿಯೊಂದರಲ್ಲಿ ಚೀಲಗಳಿಗೆ ಮಾರ್ಕು ಹೊಡೆಯುತ್ತಿದ್ದರು. ಮೆಣಸಿನಕಾಯಿ, ಜೋಳ, ಕುಸುಬೆ, ಯಾವ ಚೀಲವಾದರೂ ಸರಿ, ಅಕ್ಷರ ಕೊರೆದ ತಗಡನ್ನು ಅದರ ಮೇಲಿಟ್ಟು, ಕಪ್ಪು ಬಣ್ಣದಲ್ಲಿ ಅದ್ದಿದ ಬಟ್ಟೆಯ ಗಂಟಿನಿಂದ ಒತ್ತಿದರೆ ವ್ಯಾಪಾರಿಯ ಹೆಸರೂ ಊರ ಹೆಸರೂ ಮೂಡುತ್ತಿದ್ದವು. ಆ ತಗಡಿನ ಅಚ್ಚುಗಳನ್ನು ಮಾವನೇ ಕೊರೆಯುತ್ತಾರೆಂದು ಪೇಟೆಯವರೆಲ್ಲ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ಒಂದು ಮಧ್ಯಾಹ್ನ ಹಿತ್ತಲಿಗೆ ಹೋದರೆ ಅತ್ತೆ ಹುಣಸೆ ಕೊರಡಿನ ಮೇಲೆ ಎಣ್ಣೆ ಡಬ್ಬಿಯ ತಗಡು ಹಾಸಿಕೊಂಡು ಸಣ್ಣ ಉಳಿಯಿಂದ 'ರ' ಅಕ್ಷರ ಕೊರೆಯುತ್ತಿದ್ದರು. ಅಕ್ಷರ ಅವರ ಕಡೆಯಿಂದ ತಲೆಕೆಳಗಾಗಿತ್ತು. ಆದರೂ ಉಳಿ ಎಲ್ಲೂ ತಡವರಿಸುತ್ತಿರಲಿಲ್ಲ.

"ಅತ್ತಿ, ನಿಮಗ ಓದಾಕ ಬರ್ತೈತೇನ್ರಿ?" ಎಂದೆ.

"ಎಲ್ಲೀದು ತಂಗಿ. ಇವಕ್ಕೆಲ್ಲಾ ಏನಂತ ಓದ್ತಾರೋ ನನಗ ಗೊತ್ತಿಲ್ಲ. ತೂತು ಎಲ್ಲಿ ಬರ್ತೈತಿ ಅನ್ನೂದಷ್ಟ ಗೊತ್ತು."

ಮಾವನಿಗೆ ಹತ್ತಿರದ್ದು ಕಾಣುವುದು ಕಡಿಮೆಯಾಗಿ ಎಂಟು ವರ್ಷವಾಗಿತ್ತಂತೆ. ಅಂದಿನಿಂದ ಕೊರೆಯುವ ಕೆಲಸವೆಲ್ಲ ಅತ್ತೆಯದು. ಕನ್ನಡದ ಅಕ್ಷರಗಳು ಬರೀ ಗುಂಡು. ಗುಂಡನ್ನು ಸುತ್ತಲೂ ಕೊರೆದರೆ ನಡುವಿನ ತಗಡು ಕಳಚಿ ಬಿದ್ದು, ಅಕ್ಷರದ ಬದಲು ದೊಡ್ಡ ತೂತು ಉಳಿಯುತ್ತದೆ. ಅದಕ್ಕೇ ಅತ್ತೆ ಅಲ್ಲಲ್ಲಿ ಅಕ್ಕಿಕಾಳಿನಷ್ಟು ತಗಡು ಬಿಟ್ಟು ನಡುವಿನ ತುಂಡನ್ನು ಹಿಡಿದು ನಿಲ್ಲಿಸುತ್ತಿದ್ದರು. ಯಾವ ಅಕ್ಷರಕ್ಕೆ ಎಲ್ಲಿ ಬಿಡಬೇಕೆಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹತ್ತು ವರ್ಷ ಶಾಲೆಗೆ ಹೋದ ನಾನು ಅಂದು ಒಂದು 'ಠ' ಕೊರೆಯಲು ಹೋಗಿ ಎರಡು ತಗಡು ಕೆಡಿಸಿದೆ. ಅತ್ತೆ ಬೈಯಲಿಲ್ಲ. ಕೆಟ್ಟ ತಗಡುಗಳನ್ನು ಮಡಚಿ ಬದಿಗಿಟ್ಟು, "ಸಣ್ಣ ಅಕ್ಷರದಿಂದ ಚಾಲೂ ಮಾಡಬಾರ್ದು" ಎಂದರಷ್ಟೆ.

ಮರುವರ್ಷದ ಹತ್ತಿ ಸುಗ್ಗಿಯ ಹೊತ್ತಿಗೆ ತಾಲ್ಲೂಕಿನಿಂದ ಗ್ರಾಮಸೇವಕಿ ಬಂದರು. ಕುಂದಗೋಳದಲ್ಲಿ ಹೆಂಗಸರ ಕೈಕೆಲಸದ ಪ್ರದರ್ಶನ ಇದೆ, ಈ ಓಣಿಯಿಂದಲೂ ಏನಾದರೂ ಬರಲಿ ಎಂದು ಹೇಳಿ, ಓದು ಬಲ್ಲವಳೆಂದು ನನ್ನ ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡು ಹೋದರು. ಕಸೂತಿ ನನಗೆ ಬರುತ್ತಿರಲಿಲ್ಲ. ಶಾಲೆಯಲ್ಲಿ ಸ್ವಲ್ಪ ಚಿತ್ರ ಬರೆದಿದ್ದೆನಲ್ಲ, ಹತ್ತಿ ಬಿಡಿಸುವ ಹೆಂಗಸರ ಚಿತ್ರವನ್ನೇ ಬರೆಯೋಣ ಎಂದುಕೊಂಡೆ. ಮೂರು ದಿನ ಪೆನ್ಸಿಲ್ಲು ಹಿಡಿದು ಕುಳಿತೆ. ಮುಖ ಹೇಗೋ ಬರುತ್ತಿತ್ತು, ಕೈಗಳು ಬದನೆಕಾಯಿಯಾಗುತ್ತಿದ್ದವು.

ಅತ್ತೆ ರೊಟ್ಟಿ ಬಡಿಯುತ್ತಲೇ ನೋಡುತ್ತಿದ್ದರು. ಮೂರನೆಯ ದಿನ ಹೇಳಿದರು: "ಒಬ್ಬಾಕೀನ್ನ ಚೊಲೋತ್ನಂಗ ಮಾಡು. ಆಮ್ಯಾಲೆ ಆಕೀನ್ನ ಎಷ್ಟ ಮಂದಿ ಬೇಕೋ ಅಷ್ಟ ಮಂದಿ ಮಾಡೂಣು."

"ಹೆಂಗ್ರಿ?"

"ಚೀಲಕ್ಕ ಹೆಂಗ ಮಾರ್ಕು ಹೊಡೀತಾರೋ ಹಂಗ."

ಅತ್ತೆ ನನ್ನನ್ನು ಅಂಗಳದಲ್ಲಿ ಬಾಗಿ ನಿಲ್ಲಿಸಿದರು. ಸುತ್ತ ಒಮ್ಮೆ ನಡೆದು ನೋಡಿ, "ನೀ ಹೊಲದಾಗ ದುಡದಾಕಿ ಅಲ್ಲ. ನಿನಗ ಬಾಗೂದ ಬರೂದಿಲ್ಲ" ಎಂದು ಪಕ್ಕದ ಮನೆಯಾಕೆಯನ್ನು ಕರೆದರು. ಆಕೆ ನಗುತ್ತ ಬಂದು, ಹತ್ತಿ ತುಂಬಿಕೊಳ್ಳುವಂತೆ ಸೆರಗನ್ನು ಉಡಿ ಕಟ್ಟಿ, ಒಂದು ಕೈ ಗಿಡಕ್ಕೆ ಒಂದು ಕೈ ಉಡಿಗೆ ಎಂಬಂತೆ ನಿಂತಳು. ಸೊಂಟ ಎಲ್ಲಿ ಮುರಿಯುತ್ತದೆ, ಕುತ್ತಿಗೆ ಹೇಗೆ ಮುಂದಕ್ಕೆ ಚಾಚುತ್ತದೆ ಎಂಬುದನ್ನು ನಾನು ಮೊದಲ ಬಾರಿ ಸರಿಯಾಗಿ ಕಂಡದ್ದು ಆಗ. ಇದ್ದಿಲಿನಿಂದ ರಟ್ಟಿನ ಮೇಲೆ ಬರೆದೆ. ಐದನೆಯ ಸಲಕ್ಕೆ ಅತ್ತೆ "ಹೂಂ, ಈಗ ಹೆಣ್ಣಮಗಳ ಆದ್ಲು" ಎಂದರು.

ಇಂಥ ಆಕಾರಕ್ಕೆ ತಗಡು ಬಲು ಬಿರುಸು. ಮಾವನಿಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೆಗೆಸಿದ್ದ ಎದೆಯ ಎಕ್ಸ್‌ರೇ ಹಾಳೆಗಳು ಟ್ರಂಕಿನ ತಳದಲ್ಲಿದ್ದವು. ಅವನ್ನು ಸೋಡಾ ಬೆರೆಸಿದ ಬಿಸಿನೀರಲ್ಲಿ ತೊಳೆದು, ಬ್ಲೇಡಿನಿಂದ ಮೂರು ಅಚ್ಚು ಕೊರೆದೆವು. ಒಂದು ಮೈಗೆ, ಒಂದು ಸೀರೆಗೆ, ಇನ್ನೊಂದು ಉಡಿಗೆ. ಮಾವ ತೊಳೆದ ಹಾಳೆಯನ್ನು ಬೆಳಕಿಗೆ ಹಿಡಿದು, "ನನ್ನ ಎದಿಗೂಡಿನಾಗಿಂದ ಹೆಂಗಸರನ್ನ ತಗದ್ರಿ ನೋಡ್ರಿ" ಎಂದು ನಕ್ಕರು.

ನಾಲ್ಕು ಗೋಣಿಚೀಲ ಬಿಚ್ಚಿ ಹೊಲಿದು ಬಿದಿರಿನ ಚೌಕಟ್ಟಿಗೆ ಬಿಗಿದೆವು. ಅದು ಮನೆಯ ಬಾಗಿಲಿನಷ್ಟು ದೊಡ್ಡದಾಯಿತು. ನೆಲಕ್ಕೆ ನಮ್ಮ ಹೊಲದ ಎರೆಮಣ್ಣನ್ನೇ ಸೋಸಿ, ಬೇವಿನ ಅಂಟು ಬೆರೆಸಿ ಬಳಿದೆವು. ಆಕಾಶಕ್ಕೆ ಬಣ್ಣ ಸಾಲದಾದಾಗ ಅತ್ತೆ ಮೊಳೆಗೆ ಸಿಕ್ಕಿಸಿದ್ದ ಹಳೆಯ ಲಗ್ನಪತ್ರಿಕೆಗಳ ಗೊಂಚಲನ್ನು ತೆಗೆದು ನನ್ನ ಮುಂದಿಟ್ಟರು. ಗುಲಾಬಿ, ಹಳದಿ, ಕೇಸರಿ. ಹರಿದು ಹರಿದು ಮೈದಾ ಅಂಟಿನಿಂದ ಅಂಟಿಸಿದೆವು. ಇಳಿಹೊತ್ತಿನ ಆಕಾಶ ಬಂತು. ಹತ್ತಿರ ಹೋದರೆ ಯಾರದೋ ಮುಹೂರ್ತ, ಯಾರದೋ ಸೋದರಮಾವನ ಹೆಸರು ಅಡ್ಡಡ್ಡ ಕಾಣುತ್ತಿತ್ತು. ಆ ಆಕಾಶದ ಕೆಳಗೆ ಹೆಂಗಸರನ್ನು ಒಬ್ಬೊಬ್ಬರಾಗಿ ಒತ್ತುತ್ತ ಹೋದೆವು. ಬಟ್ಟೆಯ ಗಂಟಿನಲ್ಲಿ ಬಣ್ಣ ಜಾಸ್ತಿಯಾದರೆ ಅಚ್ಚಿನ ಅಂಚಿನಡಿ ಹರಿದು ಮೂಗು ಉದ್ದವಾಗುತ್ತಿತ್ತು. ಮೊದಲು ಕಾಗದಕ್ಕೆ ಎರಡು ಸಲ ಒತ್ತಿ, ಗಂಟು ಒಣಗಿದಂತಾದ ಮೇಲೆ ಚಿತ್ರಕ್ಕೆ ಒತ್ತಬೇಕೆಂದು ಅತ್ತೆ ಕಲಿಸಿದರು.

ಸೀರೆಗೆ ಬಣ್ಣ ಬೇಡ, ನಿಜವಾದ ಸೀರೆಯನ್ನೇ ಅಂಟಿಸೋಣ ಎಂದವಳು ನಾನು. ಈ ಚಿತ್ರದಲ್ಲಿ ನನ್ನದೇ ಎಂದು ಹೇಳಿಕೊಳ್ಳಬಹುದಾದ ಯೋಚನೆ ಅದೊಂದೇ. ಅದನ್ನು ಇಂದಿಗೂ ಬಿಟ್ಟುಕೊಡುವುದಿಲ್ಲ. ಓಣಿಯಲ್ಲಿ ಮನೆಮನೆಗೆ ಹೋಗಿ ಬೆರಳುದ್ದದ ತುಣುಕು ಕೇಳಿದೆ. ಇಳಕಲ್ಲ ಸೀರೆಯ ಅಂಚು, ತೇಪೆ ಹಾಕಿ ಉಳಿದ ಚೂರು, ಕೌದಿಗೆಂದು ಎತ್ತಿಟ್ಟ ಬಟ್ಟೆ, ಎಲ್ಲ ಬಂದವು. ಓಣಿಯ ಹಿರಿಯ ಅಜ್ಜಿ ತನ್ನ ಮದುವೆ ಸೀರೆಯ ಹಸಿರು ತುಂಡು ಕೊಟ್ಟು, "ನಾ ಹೊಲಕ್ಕ ಹೋಗೂದ ಬಿಟ್ಟು ಭಾಳ ದಿನಾ ಆತು. ಆದ್ರೂ ನನ್ನ ಒಂದ ಕಡೆ ನಿಂದರಸ್ರಿ" ಎಂದಳು. ಲೆಕ್ಕ ಹಾಕಿದಾಗ ಹದಿನೇಳು ತುಣುಕುಗಳಿದ್ದವು. ಸೀರೆಯ ಅಚ್ಚಿನ ಅಳತೆಗೆ ಅವನ್ನು ಕತ್ತರಿಸಿ ಅಂಟಿಸಿ ಹದಿನೇಳು ಹೆಂಗಸರನ್ನು ಮಾಡಿದೆವು. ಉಡಿಗಳಿಗೆ ನಿಜವಾದ ಹತ್ತಿ ತುಂಬಿದೆವು.

ಪ್ರದರ್ಶನಕ್ಕೆ ಎರಡು ದಿನ ಇರುವಾಗ ಒಣಗಲೆಂದು ಚಿತ್ರವನ್ನು ಅಂಗಳದಲ್ಲಿ ಗೋಡೆಗೆ ಒರಗಿಸಿ ನೀರಿಗೆ ಹೋದೆ. ಬರುವಷ್ಟರಲ್ಲಿ ಪಕ್ಕದ ಮನೆಯ ಆಡು ಮೈದಾದ ವಾಸನೆಗೆ ಬಂದು ಬಲಗಡೆಯ ಅಂಚನ್ನು ತಿಂದಿತ್ತು. ಆಕಾಶದ ಒಂದು ಮೊಳ ಹೋಗಿತ್ತು, ಅದರ ಕೆಳಗೆ ಕಾಗದದಲ್ಲಿ ಕತ್ತರಿಸಿ ಅಂಟಿಸಿದ್ದ ಒಂದೆರಡು ಹತ್ತಿಗಿಡಗಳೂ ಹೋಗಿದ್ದವು. ಕೊಡ ಇಳಿಸದೆ ಅಲ್ಲೇ ಅತ್ತುಬಿಟ್ಟೆ. ಅತ್ತೆ ಹೊರಗೆ ಬಂದು ಚಿತ್ರವನ್ನೂ ಆಡನ್ನೂ ನೋಡಿದರು. ಆಡು ಇನ್ನೂ ಅಗಿಯುತ್ತಿತ್ತು.

"ಅಳಬ್ಯಾಡ. ಹತ್ತಿ ಹೊಲದಾಗ ಆಡು ಹೊಕ್ಕಿದ್ದು ನೀ ನೋಡೇ ಇಲ್ಲೇನು?" ಎಂದರು.

ಉಳಿದಿದ್ದ ಎಕ್ಸ್‌ರೇ ಹಾಳೆಯಲ್ಲಿ ಅಂದೇ ಆಡಿನ ಅಚ್ಚು ಕೊರೆದರು. ಕಿವಿ, ಗಡ್ಡ, ಚಾಚಿದ ಕುತ್ತಿಗೆ. ಹರಿದ ಜಾಗಕ್ಕೆ ಹೊಸ ಕಾಗದ ಹಚ್ಚಿ ಅಲ್ಲಿ ಆಡನ್ನು ಒತ್ತಿದರು. ಹತ್ತಿರದ ಹೆಂಗಸೊಬ್ಬಳು ಅದನ್ನು ಓಡಿಸಲು ಕೈ ಎತ್ತಿದಂತೆ ಕಾಣುತ್ತಿತ್ತು. ಮೊದಲಿಗಿಂತ ಈಗಲೇ ಚಿತ್ರಕ್ಕೆ ಜೀವ ಬಂತೆಂದು ಮಾವ ಹೇಳಿದರು. ಅವರ ಕಣ್ಣಿಗೆ ದೂರದ್ದು ಚೆನ್ನಾಗಿಯೇ ಕಾಣುತ್ತಿತ್ತು.

ಪ್ರದರ್ಶನದ ದಿನ ಅಮಾವಾಸ್ಯೆ. ಹೊಲದ ಕೆಲಸಕ್ಕೆ ರಜೆ. ಬಸ್ಸಿನ ಕಂಡಕ್ಟರ್ ನಮ್ಮನ್ನು ಕಂಡು, "ಮನಿ ಬಾಗಲಾ ಕಿತ್ಕೊಂಡ ಹೊಂಟೀರೇನು? ಒಳಗ ಹಿಡಿಯೂದಿಲ್ಲ, ಮ್ಯಾಲೆ ಹಾಕ್ರಿ" ಎಂದ. ಮೇಲೆ ಆಗಲೇ ಮೆಣಸಿನಕಾಯಿ ಚೀಲಗಳಿದ್ದವು. ಅತ್ತೆ ಒಪ್ಪಲಿಲ್ಲ. "ನೀವು ನಡೀರಿ ಯಪ್ಪಾ. ನಾವು ನಡಕೋತ ಬರ್ತೀವಿ" ಎಂದು ಬಸ್ಸನ್ನು ಕಳಿಸಿಬಿಟ್ಟರು. ನೋಡಲು ಬಂದಿದ್ದ ಓಣಿಯ ಹೆಂಗಸರೇ ಮುಂದೆ ಬಂದರು. ಆ ಕಡೆ ಮೂವರು, ಈ ಕಡೆ ಮೂವರು. ಗಾಳಿ ಬೀಸಿದಾಗ ಎಲ್ಲರೂ ಚಿತ್ರವನ್ನು ಅಡ್ಡ ಮಾಡಿ ನಿಲ್ಲುತ್ತಿದ್ದರು. ದಣಿದವರ ಜಾಗಕ್ಕೆ ಬೇರೆಯವರು ಬರುತ್ತಿದ್ದರು. ಹಾಗೆ ಕುಂದಗೋಳ ಮುಟ್ಟಿದೆವು.

ಪ್ರದರ್ಶನ ಒಂದು ಶಾಲೆಯಲ್ಲಿತ್ತು. ಕಸೂತಿಯ ಕುಬಸಗಳು, ಕೌದಿಗಳು, ಮಣಿಯ ತೋರಣಗಳು. ನಮ್ಮ ಚಿತ್ರಕ್ಕೆ ಮೇಜು ಸಾಲದೆ ಕರಿಹಲಗೆಗೆ ಒರಗಿಸಿದರು. ಅದರ ಕೆಳಗೆ ಗ್ರಾಮಸೇವಕಿ ಚೀಟಿ ಅಂಟಿಸಿದರು. ಚೀಟಿಯಲ್ಲಿ ನನ್ನ ಹೆಸರಿತ್ತು, ನನ್ನದೊಂದೇ.

"ಅತ್ತಿ, ಇದರಾಗ ನಿಮ್ಮ ಹೆಸರು ಬರದಿಲ್ರಿ" ಎಂದೆ.

"ಇರ್ಲಿ ಬಿಡು. ಹೆಸರು ಯಾರದಿದ್ರೇನು. ಮನಿದ ಅಲ್ಲ?"

ಚೀಟಿ ತಿದ್ದಿಸಲು ಗ್ರಾಮಸೇವಕಿಯವರನ್ನು ಹುಡುಕುವಷ್ಟರಲ್ಲಿ ಪರೀಕ್ಷಕರು ಬಂದುಬಿಟ್ಟರು. ಧಾರವಾಡದಿಂದ ಬಂದ ಚಿತ್ರಕಲೆಯ ಮಾಸ್ತರರು, ವಯಸ್ಸಾದವರು. ತುಸು ದೂರದಿಂದ ನೋಡಿದರು, ಹತ್ತಿರ ಬಂದು ಆಕಾಶವನ್ನು ಓದಿದರು, ಹೆಂಗಸರನ್ನು ಬೆರಳಿನಿಂದ ಎಣಿಸಿದರು.

"ಕಲ್ಪನಾ ಚೊಲೋ ಐತಿ. ಆದ್ರ ಹೆಂಗಸರು ಎಲ್ಲಾರೂ ಒಂದೇ ನಮೂನಿ ಆಗ್ಯಾರಲ್ಲ?" ಎಂದರು.

ಹಿಂದಿನಿಂದ ಅತ್ತೆ ಹೇಳಿದರು: "ಹತ್ತಿ ಬಿಡಸೂವಾಗ ಎಲ್ಲಾರೂ ಒಂದ ನಮೂನಿ ಬಾಗ್ತಾರ್ರಿ. ಸೀರಿ ಅಷ್ಟ ಬ್ಯಾರೆ."

ಮಾಸ್ತರರು ತಿರುಗಿ ಅವರನ್ನು ನೋಡಿದರು. ಚೀಟಿಯನ್ನೂ ನೋಡಿದರು. "ಇದನ್ನ ಮಾಡಿದವರು ಯಾರು?"

"ಇವರು, ನಮ್ಮ ಅತ್ತಿಯವರ್ರಿ" ಎಂದೆ. "ಚೀಟಿ ತಪ್ಪಾಗೇತ್ರಿ. ಅಚ್ಚು ಕೊರದಾಕಿ ಇವರು. ನಾ ಬರೀ ಕೂಡಿ ಮಾಡೇನಿ."

ಅತ್ತೆ ನನ್ನ ರಟ್ಟೆ ಚಿವುಟಿದರು. ಆದರೆ ಮಾಸ್ತರರು "ಅಚ್ಚು ತಂದೀರೇನ್ರಿ? ತೋರಸ್ರಿ ನೋಡೂಣು" ಎಂದಾಗ ಚೀಲದಿಂದ ಹಾಳೆಗಳನ್ನು ತೆಗೆದರು. ಬಟ್ಟೆಯ ಗಂಟನ್ನೂ ಬಣ್ಣದ ಬಟ್ಟಲನ್ನೂ ತಂದಿದ್ದರು. ಅದು ನನಗೂ ಗೊತ್ತಿರಲಿಲ್ಲ. ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ, ಕುಕ್ಕರಗಾಲಲ್ಲಿ ಕುಳಿತು ಒಬ್ಬ ಹೆಂಗಸನ್ನು ಒತ್ತಿದರು. ಅಚ್ಚು ಎತ್ತಿದಾಗ ಸುತ್ತಲಿದ್ದವರು ಮುಂದೆ ಬಗ್ಗಿದರು. ಆಮೇಲೆ ಆಡನ್ನು ಒತ್ತಿದರು. ಮಾಸ್ತರರು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೊರೆದ ಅಂಚಿನ ಮೇಲೆ ಬೆರಳಾಡಿಸಿದರು. "ನಮ್ಮ ಹುಡುಗರಿಗೆ ಸ್ಟೆನ್ಸಿಲ್ ಕೊರಿಯೂದು ಕಲಸ್ತೀನಿ ನಾನು. ಇಷ್ಟು ಸ್ವಚ್ಛ ಅಂಚು ಯಾರೂ ಕೊರದಿಲ್ಲ" ಎಂದರು.

ಅಷ್ಟರಲ್ಲಿ ಚಿತ್ರ ಹೊತ್ತು ತಂದ ನಮ್ಮ ಓಣಿಯ ಹೆಂಗಸರು ಒಳಗೆ ಬಂದರು. ಒಬ್ಬಾಕೆ ನೇರಳೆ ಬಣ್ಣದ ತುಣುಕಿನ ಮೇಲೆ ಬೆರಳಿಟ್ಟು "ಇಕಿ ನಾನು" ಎಂದಳು. ಇನ್ನೊಬ್ಬಾಕೆ ತನ್ನನ್ನು ಹುಡುಕಿದಳು. ಹಸಿರು ಸೀರೆಯ ಅಜ್ಜಿ ನಡೆದು ಬರಲಾರದೆ ಊರಲ್ಲೇ ಉಳಿದಿದ್ದಳು. ಅವಳನ್ನೂ ಹುಡುಕಿ ಪರೀಕ್ಷಕರಿಗೆ ತೋರಿಸಿದರು. ಬೇರೆ ಊರಿನಿಂದ ಬಂದವರು ಕಸೂತಿಯ ಮೇಜು ಬಿಟ್ಟು ಇತ್ತ ಬಂದು ನಿಂತರು.

ಮೊದಲ ಬಹುಮಾನ ಕಸೂತಿಗೆ ಹೋಯಿತು. ಅದಕ್ಕೆ ಅದು ಯೋಗ್ಯವೇ ಆಗಿತ್ತು. ನಮಗೆ ವಿಶೇಷ ಬಹುಮಾನವೆಂದು ಒಂದು ಸ್ಟೀಲಿನ ಡಬ್ಬಿ, ಒಂದು ಪ್ರಶಸ್ತಿ ಪತ್ರ. ಪತ್ರದಲ್ಲಿ ಮಾಸ್ತರರೇ ಅತ್ತೆಯ ಹೆಸರು ಬರೆದು, ಅದರ ಕೆಳಗೆ ನನ್ನದನ್ನು ಬರೆದರು. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಶಾಲೆಯ ಕಟ್ಟೆಯ ಮೇಲೆ ಕುಳಿತರು.

"ಇದರಾಗ ನನ್ನ ಹೆಸರು ಯಾವುದು?"

ತೋರಿಸಿದೆ. ಮೂರು ಅಕ್ಷರ. ಒಂದೊಂದರ ಮೇಲೂ ಉಗುರು ಓಡಿಸಿ, ಎಲ್ಲಿ ಗುಂಡಾಗುತ್ತದೆ, ಎಲ್ಲಿ ಬಿಡಬೇಕು ಎಂದು ಅಳೆಯುವಂತೆ ನೋಡಿದರು.

"ಈ ಮೂರೂ ನಾ ಎಷ್ಟೋ ಸಲ ಕೊರದೇನಿ. ನನ್ನವು ಅಂತ ಗೊತ್ತಿರಲಿಲ್ಲ ನೋಡು" ಎಂದರು.

ಅವರ ಕಣ್ಣಲ್ಲಿ ನೀರು ಬಂದದ್ದನ್ನು ಅದಕ್ಕೂ ಮುಂಚೆ ನಾನು ಕಂಡಿರಲಿಲ್ಲ.

ಆ ಚಿತ್ರವನ್ನು ನಮ್ಮ ಓಣಿಯ ಸಮಾಜ ಮಂದಿರದಲ್ಲಿ, ಬುದ್ಧನ ಪಟದ ಎದುರಿನ ಗೋಡೆಗೆ ಹಾಕಿದೆವು. ಅಲ್ಲಿ ಅದು ಬಹಳ ವರ್ಷ ಇತ್ತು. ಬೇರೆ ಊರಿನಿಂದ ನೆಂಟರು ಬಂದರೆ ಮೊದಲು ಅದನ್ನೇ ತೋರಿಸುತ್ತಿದ್ದರು. ದಲಾಲಿ ಅಂಗಡಿಯ ಸಾವಕಾರರು ಸುದ್ದಿ ಕೇಳಿ, ಇಷ್ಟು ದಿನ ತಮ್ಮ ಹೆಸರು ಕೊರೆದವರು ಯಾರೆಂದು ತಿಳಿದು, ಹೊಸ ಅಚ್ಚು ಬೇಕಾದಾಗ ಮಾವನನ್ನು ಬಿಟ್ಟು ಅತ್ತೆಗೇ ಹೇಳಿಕಳಿಸತೊಡಗಿದರು. ಮದುವೆಯ ಟ್ರಂಕುಗಳ ಮೇಲೆ ಹೂಬಳ್ಳಿ, ಚಕ್ಕಡಿಯ ಮೇಲೆ ಹೆಸರು, ಶಾಲೆಯ ಗೋಡೆಯ ಮೇಲೆ ವರ್ಣಮಾಲೆ, ಎಲ್ಲಕ್ಕೂ ಜನ ಬಂದರು. ವರ್ಣಮಾಲೆಯ ಐವತ್ತು ಅಚ್ಚು ಕೊರೆಯುವಾಗ ನಾನು ಒಂದೊಂದನ್ನೂ ಹೇಳುತ್ತ ಹೋದೆ. ಕೊನೆಯ ಅಚ್ಚು ಮುಗಿಯುವ ಹೊತ್ತಿಗೆ ಅತ್ತೆ ಬಸ್ಸಿನ ಬೋರ್ಡು ಓದುತ್ತಿದ್ದರು.

ಮುಂದಿನ ವರ್ಷ ನಾವು ಕುಂದಗೋಳದ ರೈಲು ನಿಲ್ದಾಣವನ್ನು ಮಾಡಿದೆವು. ಆ ಸಲ ರೈಲಿನ ಅಚ್ಚನ್ನು ಮೊದಲಿಂದ ಕೊನೆಯವರೆಗೆ ನಾನೊಬ್ಬಳೇ ಕೊರೆದೆ. ಅತ್ತೆ ಅದನ್ನು ಎತ್ತಿ, ತಿರುಗಿಸಿ, ಗಾಲಿಗಳ ನಡುವೆ ಬಿಟ್ಟಿದ್ದ ಸಣ್ಣ ಪಟ್ಟಿಗಳನ್ನು ಬೆರಳಿನಿಂದ ಒತ್ತಿ ನೋಡಿದರು.

"ಒಂದೂ ಕಳಚೂದಿಲ್ಲ. ಅಗದಿ ಚೊಲೋ ಆಗೇತಿ" ಎಂದರು.